ಸೌಂದರ್ಯವರ್ಧಕ ಕಂಪನಿಯ ಗೋದಾಮು ದೊಡ್ಡದಾಗುತ್ತಿದೆ, ಪಿಯುಸಿ ಮುಗಿಸಿದವನು ಸೇರಬಹುದೇ?

ಕಲಬುರಗಿಯಲ್ಲಿ ಗೋದಾಮು ವಿಸ್ತರಣೆಯಾಗಿ ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರೆ, ಪೆಟ್ಟಿಗೆ ಎತ್ತಿಡುವ ಕೆಲಸವಷ್ಟೇ, ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಇರುವುದರಿಂದ ಸ್ಥಳೀಯನಿಗೆ ಖಾತ್ರಿ ಎಂದು ಬರೆದಿದ್ದೀರಿ. ಪೆಟ್ಟಿಗೆ ಎತ್ತಿಡುವುದಷ್ಟೇ ಕೆಲಸವೆಂದು ನಂಬಿ ನಾನೂ ಒಂದು ಸಂಕ್ರಾಂತಿ ಕಳೆದ ಮೇಲೆ ಕಪನೂರಿನ ಅಂಥದೇ ಗೋದಾಮಿಗೆ ಸೇರಿ, ಡಿಸೆಂಬರಿನಲ್ಲಿ ಹೊರಬಿದ್ದೆ.

ಅದಕ್ಕೂ ಮೊದಲು ಗಂಜ್ ಮಾರುಕಟ್ಟೆಯ ತೊಗರಿ ಅಡತ ಅಂಗಡಿಯಲ್ಲಿದ್ದೆ. ಮೊದಲು ಬಂದ ಚೀಲ ಮೊದಲು ಹೋಗಬೇಕು ಎಂಬುದು ಅಲ್ಲಿ ಕಲಿತ ಪಾಠ. ಅದನ್ನೇ ಇಲ್ಲಿಗೂ ಹೊತ್ತು ತಂದೆ. ಜನವರಿ ಕೊನೆಗೆ ಬಾಡಿ ಲೋಷನ್‌ನ ಹೊಸ ಸ್ಟಾಕ್ ಬಂತು. ಫೆಬ್ರುವರಿಯಲ್ಲಿ ಚಳಿ ಹೋದ ಮೇಲೆ, ಮಾರಾಟವಾಗದೆ ಉಳಿದ 42 ಕಾರ್ಟನ್ ಬೀದರಿನಿಂದ ವಾಪಸು ಬಂದವು. ತಡವಾಗಿ ಬಂದದ್ದೆಂದು ಅವನ್ನು ಹಿಂದಿನ ಸಾಲಿಗೆ ಸೇರಿಸಿದೆ. ಕಾರ್ಟನ್ನಿನ ಮಗ್ಗುಲಲ್ಲಿ ಬ್ಯಾಚ್ ನಂಬರಿನ ಕೆಳಗೆ, ಹೆಬ್ಬೆರಳಿನಿಂದ ಧೂಳು ಒರೆಸಿದರೆ ಮಾತ್ರ ಕಾಣುವ ಸಣ್ಣ ಚುಕ್ಕೆ ಅಕ್ಷರಗಳಲ್ಲಿ, ಅವುಗಳ ಅವಧಿ ಅದೇ ಡಿಸೆಂಬರಿಗೆ ಮುಗಿಯುತ್ತದೆ ಎಂದಿತ್ತು. ಮುಂದಿನ ಸಾಲಿನದಕ್ಕೆ ಇನ್ನೂ ಒಂದು ವರ್ಷ ಹೆಚ್ಚಿತ್ತು. ನಾನು ಒರೆಸಲಿಲ್ಲ, ರಿಜಿಸ್ಟರಿನಲ್ಲಿ ಬಂದ ತಾರೀಖನ್ನಷ್ಟೇ ಬರೆದೆ. ದೀಪಾವಳಿಯ ನಂತರ ಬೇಡಿಕೆ ಏರಿದಾಗ ಹೊಸ ಮಾಲು ಮೊದಲು ಹೋಯಿತು, ಹಳೆಯದರ ಸರದಿ ಬರುವಷ್ಟರಲ್ಲಿ ಮೂರು ವಾರ ಉಳಿದಿತ್ತು. ಅಷ್ಟು ಕಡಿಮೆ ಅವಧಿಯ ಮಾಲನ್ನು ಯಾವ ಅಂಗಡಿಯವರೂ ಇಳಿಸಿಕೊಳ್ಳಲಿಲ್ಲ. ಇಲ್ಲಿ ಬಂದ ದಿನಕ್ಕೆ ಬೆಲೆಯಿಲ್ಲ, ಅವಧಿ ಮೊದಲು ಮುಗಿಯುವುದೇ ಮೊದಲು ಹೊರಡಬೇಕು. ನನ್ನ ಹೆಸರು ಗುತ್ತಿಗೆದಾರನ ಪಟ್ಟಿಯಲ್ಲಿದ್ದುದರಿಂದ ನೋಟಿಸೂ ಬರಲಿಲ್ಲ, ನಾಳೆಯಿಂದ ಬರಬೇಡ ಎಂಬ ಒಂದು ಮಾತಿಗೆ ಎಲ್ಲವೂ ಮುಗಿಯಿತು.

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆಯ ಮೀಸಲಾತಿ ಸರ್ಕಾರಿ ನೌಕರಿಗೂ ಶಿಕ್ಷಣದ ಸೀಟುಗಳಿಗೂ ಸಂಬಂಧಿಸಿದ್ದು. ಖಾಸಗಿ ಗೋದಾಮಿನಲ್ಲಿ ಅದನ್ನು ಎತ್ತಿದರೆ ನಕ್ಕುಬಿಡುತ್ತಾರೆ. ಎಷ್ಟು ಹುದ್ದೆ ಎಂಬ ಲೆಕ್ಕವನ್ನೂ ಬಿಡಿ. ನೇಮಕಾತಿ ಪತ್ರ ಕಂಪನಿಯದೋ ಗುತ್ತಿಗೆದಾರನದೋ, ಪಿಎಫ್‌ಗೆ ನಿಮ್ಮ ಪಾಲಿನ ಶೇ 12 ಹಿಡಿದರೆ ಅದು ನಿಮ್ಮ ಯುಎಎನ್ (ಕೆಲಸ ಬದಲಿಸಿದರೂ ಬದಲಾಗದ ಪಿಎಫ್ ಸಂಖ್ಯೆ) ಖಾತೆಗೆ ಬೀಳುತ್ತದೆಯೋ ಎಂದು ಮೊದಲು ಕೇಳಿ. ಲೋಡಿಂಗ್ ಬೇಡ, ಮಾಲು ಇಳಿಸಿಕೊಂಡು ಪರೀಕ್ಷಿಸುವ ಇನ್‌ವರ್ಡ್ ಮೇಜಿಗೆ ಹಾಕಿರೆಂದು ಹಟ ಹಿಡಿಯಿರಿ, ಸಂಬಳ ಸ್ವಲ್ಪ ಕಡಿಮೆಯಾದರೂ ಸರಿ. ಹೊಸ ಶೆಡ್ಡಿನ ಚಾವಣಿಯನ್ನೂ ನೋಡಿಬನ್ನಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿನ ಬರೀ ತಗಡಿನ ಕೆಳಗೆ ಲಿಪ್‌ಸ್ಟಿಕ್ಕೇ ಎಣ್ಣೆ ಬೆವರುತ್ತದೆ, ಅದನ್ನು ಎಣಿಸುವವರ ಗತಿ ಬೇರೆ ಹೇಳಬೇಕಿಲ್ಲ.