ಗೊಂಬೆಯೊಳಗೆ ಗಂಡೋ, ಹೆಣ್ಣೋ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ರಜೆ, ಹುಟ್ಟುಹಬ್ಬ, ರಿಸೆಪ್ಷನ್ನು ಎಲ್ಲ ಒಟ್ಟಿಗೆ ಬಂದಿರೋದ್ರಿಂದ ಊರಲ್ಲಿ ಗೊಂಬೆ ವೇಷದವರು ಜಾಸ್ತಿ ಕಾಣುತ್ತಿದ್ದಾರೆ ಅನ್ಸುತ್ತೆ. ನಾಲ್ಕಕ್ಕೂ ಇಲ್ಲೇ ಉತ್ತರ ಬರೆದಿದ್ದೇನೆ.

ಮಗಳ ಐದನೇ ಹುಟ್ಟುಹಬ್ಬಕ್ಕೆ ಮಿನ್ನಿ ಮೌಸ್ ವೇಷದವರನ್ನು ಕರೆಸಿದ್ದೆವು. ಮಗಳು ತಬ್ಬಿಕೊಂಡವಳು ಬಿಡಲೇ ಇಲ್ಲ. ಆಮೇಲೆ ಅಡುಗೆಮನೆ ಹತ್ತಿರ ನೀರು ಕುಡಿಯೋಕೆ ತಲೆ ತೆಗೆದಾಗ ನೋಡಿದರೆ, ಮೀಸೆ ಇರುವ ಹುಡುಗ! ನಮ್ಮತ್ತೆ ಸಿಟ್ಟಾದರು. ಹೆಣ್ಣುಗೊಂಬೆಗೆ ಹೆಣ್ಣುಮಕ್ಕಳನ್ನೇ ಕಳಿಸಬೇಕಲ್ವಾ? ದೊಡ್ಡ ಪಾರ್ಕುಗಳಲ್ಲಿ ಹೇಗೆ?
— ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ದೊಡ್ಡ ಪಾರ್ಕುಗಳಲ್ಲೂ ಹೀಗೇ ಅಮ್ಮ. ಅಮೆರಿಕದ ಡಿಸ್ನಿಲ್ಯಾಂಡ್ ಶುರುವಾಗಿದ್ದು 1955ರಲ್ಲಿ. ಅಲ್ಲಿ ಮುಖ ಪೂರ್ತಿ ಮುಚ್ಚುವ ವೇಷಕ್ಕೆ ಜನ ಆರಿಸುವಾಗ ಮೊದಲು ಅಳೆಯೋದು ಎತ್ತರ. ಮಿಕ್ಕಿ, ಮಿನ್ನಿ ಎರಡಕ್ಕೂ ಹೆಚ್ಚುಕಡಿಮೆ ಐದಡಿಯ ಆಸುಪಾಸಿನವರೇ ಬೇಕು, ಗೂಫಿಗೆ ಆರಡಿ ಆಳು ಬೇಕು. ಐದಡಿ ಎತ್ತರದ ದೊಡ್ಡವರಲ್ಲಿ ಹೆಂಗಸರೇ ಜಾಸ್ತಿ, ಹಾಗಾಗಿ ಗಂಡು ಇಲಿ ಮಿಕ್ಕಿಯ ಒಳಗೆ ಎಷ್ಟೋ ಸಲ ಇರೋದು ಹೆಣ್ಣುಮಗಳು. ಕುಳ್ಳಗಿನ ಹುಡುಗ ಸಿಕ್ಕರೆ ಅವನು ಮಿನ್ನಿ ಆಗ್ತಾನೆ. ರಾಜಕುಮಾರಿ ವೇಷದ ಲೆಕ್ಕ ಬೇರೆ. ಅಲ್ಲಿ ಮುಖ ಕಾಣುತ್ತೆ, ಮಾತೂ ಆಡಬೇಕು, ಅದಕ್ಕೆ ಹೆಣ್ಣುಮಕ್ಕಳನ್ನೇ ಹುಡುಕುತ್ತಾರೆ.

ಮುಖ ಮುಚ್ಚಿದವರು ಮಾತಾಡೋ ಹಾಗಿಲ್ಲ. ಸಿನಿಮಾದ ಮಿಕ್ಕಿಗೆ ಒಂದು ದನಿ ಇದೆ, ಒಳಗಿರುವವರದ್ದು ಬೇರೆ ದನಿ, ಬಾಯಿ ಬಿಟ್ಟರೆ ಮಗುವಿಗೆ ತಕ್ಷಣ ಗೊತ್ತಾಗಿಬಿಡುತ್ತೆ. ಹಾಗಾಗಿ ಎಲ್ಲವನ್ನೂ ಕೈ, ಭುಜ, ನಡಿಗೆಯಲ್ಲೇ ಹೇಳಬೇಕು. ಮಿನ್ನಿ ನಾಚಿಕೊಳ್ಳೋದು ಹೇಗೆ, ಮಿಕ್ಕಿ ಕೈ ಬೀಸೋದು ಹೇಗೆ ಅನ್ನೋದನ್ನು ಅಲ್ಲಿ ತರಬೇತಿ ಕೊಟ್ಟೇ ಕಲಿಸುತ್ತಾರೆ. ನಿಮ್ಮ ಮಗಳು ತಬ್ಬಿಕೊಂಡು ಬಿಡಲಿಲ್ಲ ಅಂದರೆ ಆ ಹುಡುಗ ಕೆಲಸವನ್ನು ಚೆನ್ನಾಗಿ ಮಾಡಿದ್ದಾನೆ ಅಂತಲೇ ಅರ್ಥ.

ನಿಮ್ಮತ್ತೆಗೆ ಇದನ್ನೂ ಹೇಳಿ. ನಮ್ಮ ಮೆರವಣಿಗೆಗಳಲ್ಲಿ ಗಾರುಡಿ ಗೊಂಬೆ ಬರುತ್ತಲ್ಲ, ಬಿದಿರಿನ ತಟ್ಟಿ ಕಟ್ಟಿ ಮೇಲೆ ಬಟ್ಟೆ ತೊಡಿಸಿ ಮಾಡಿದ್ದು, ಅದರಲ್ಲಿ ಮೂಗುತಿ ಹಾಕಿ ಸೀರೆ ಉಟ್ಟ ಹೆಣ್ಣುಗೊಂಬೆಯನ್ನೂ ಹೊತ್ತು ಕುಣಿಯೋದು ಹೆಚ್ಚಾಗಿ ಗಂಡಸರೇ. ಅದರ ಒಳಗೆ ಯಾರು ಅಂತ ನಾವು ಯಾವತ್ತಾದರೂ ಕೇಳಿದ್ದೇವಾ? ಇನ್ನು ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಬರೀ ಹೆಂಗಸರದ್ದೇ ನಾಟಕ ಮಂಡಳಿ ಕಟ್ಟಿ, ಕಂಸ, ರಾವಣ, ಭೀಮನ ಪಾತ್ರವನ್ನು ತಾವೇ ಮಾಡುತ್ತಿದ್ದರು. ಚಿಂದೋಡಿ ಲೀಲಾ ಅವರ ಊರಿನವರಾದ ನಮಗೆ ಕಂಪನಿ ನಾಟಕದ ಇಂಥ ವಿಷಯ ಹೊಸದೇನೂ ಅಲ್ಲ ಬಿಡಿ.

ಆದರೆ ನಿಮ್ಮ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಗುರುತಿಲ್ಲದ ದೊಡ್ಡವರು ನಿಮ್ಮ ಮಗುವನ್ನು ಎತ್ತಿಕೊಳ್ಳುತ್ತಿದ್ದಾರೆ ಅಂದರೆ ಗಂಡಾಗಲಿ ಹೆಣ್ಣಾಗಲಿ ನೀವು ಪಕ್ಕದಲ್ಲೇ ಇರಬೇಕು. ಮಗು ಬೇಡ ಅಂದರೆ ಫೋಟೋಗೋಸ್ಕರ ತಳ್ಳಬಾರದು.

ನನ್ನ ಎತ್ತರ 5 ಅಡಿ 1 ಇಂಚು. ಭಾನುವಾರ ಡೋರೆಮಾನ್, ಮಿನ್ನಿ ವೇಷ ಹಾಕಿ ಕಾಲೇಜು ಫೀಸಿಗೆ ದುಡಿಯುತ್ತೇನೆ. ಗೆಳೆಯರು "ಏನಮ್ಮ ಮಿನ್ನಿ" ಅಂತ ಆಡಿಕೊಳ್ಳುತ್ತಾರೆ. ಬಿಟ್ಟುಬಿಡಲಾ?
— ಬಿ.ಕಾಂ. ವಿದ್ಯಾರ್ಥಿ, ನಿಟ್ಟುವಳ್ಳಿ, ದಾವಣಗೆರೆ

ಬಿಡಬೇಡಿ ತಮ್ಮಾ. ಜಪಾನಿನಲ್ಲಿ 1979ರಿಂದ 2005ರವರೆಗೆ ಡೋರೆಮಾನ್‌ಗೆ ದನಿ ಕೊಟ್ಟಿದ್ದು ನೊಬುಯೊ ಒಯಾಮಾ ಅನ್ನುವ ಹೆಂಗಸು. ಹಿಂದಿಯಲ್ಲಿ ಡೋರೆಮಾನ್‌ಗೂ ಛೋಟಾ ಭೀಮ್‌ಗೂ ದನಿಯಾದ ಸೋನಲ್ ಕೌಶಲ್ ಕೂಡ ಹೆಣ್ಣುಮಗಳೇ. ನಿಮ್ಮನ್ನು ಆಡಿಕೊಳ್ಳುವ ಗೆಳೆಯರು ಚಿಕ್ಕವರಿದ್ದಾಗ ಶಾಲೆಯಿಂದ ಓಡಿ ಬಂದು ಟೀವಿ ಮುಂದೆ ಕೂತು ಕೇಳಿದ್ದು ಈ ದನಿಗಳನ್ನೇ. ಕರಾವಳಿಯ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡಿಯೇ ಹೆಸರು ಮಾಡಿದ ಗಂಡಸರು ಎಷ್ಟು ಜನ! ನೀವು ಫೀಸನ್ನು ನಿಮ್ಮ ಕೈಯಾರೆ ಕಟ್ಟುತ್ತಿದ್ದೀರಿ, ಅದು ನನಗೆ ದೊಡ್ಡದಾಗಿ ಕಾಣುತ್ತೆ.

ನನಗೆ 20 ವರ್ಷ. ಕಾರ್ಯಕ್ರಮಗಳಲ್ಲಿ ಕರಡಿ ವೇಷ ಹಾಕುತ್ತೇನೆ. ಒಳಗೆ ಹುಡುಗಿ ಅಂತ ಯಾರಿಗೂ ಗೊತ್ತಾಗಬಾರದು ಅನ್ನೋದು ಕೆಲಸ ಕೊಟ್ಟವರ ಕಟ್ಟುನಿಟ್ಟು. ಹೋದ ತಿಂಗಳು ಮೂರು ಹುಡುಗರು ಹಿಂದಿನಿಂದ ತಬ್ಬಿ, ಗುದ್ದಿ, ಮೈಮೇಲೆಲ್ಲ ಕೈ ಹಾಕಿದರು. ನಾನು ಕಿರುಚಿದಾಗ "ಹುಡುಗಿ ಅಂತ ಗೊತ್ತಿರ್ಲಿಲ್ಲ" ಅಂದರು. ಕೆಲಸ ಕೊಟ್ಟವರು ದನಿ ತೆಗೆದಿದ್ದಕ್ಕೆ ನನಗೇ ಬೈದರು.
— ಹೆಸರು ಬೇಡ, ಚಿತ್ರದುರ್ಗ

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕಿರುಚಿದ್ದು ಸರಿ. ಅದರಲ್ಲಿ ನಿಮ್ಮ ತಪ್ಪು ಒಂದು ಸಾಸಿವೆಯಷ್ಟೂ ಇಲ್ಲ.

ದಾವಣಗೆರೆ ಹೈಸ್ಕೂಲ್ ಮೈದಾನದ ವಸ್ತುಪ್ರದರ್ಶನ ಒಂದರಲ್ಲಿ ನಾನು ಹತ್ತಿರದಿಂದ ನೋಡಿದ್ದು ಹೇಳುತ್ತೇನೆ. ಮಿರ್ಚಿ ಅಂಗಡಿ ಹಿಂದೆ ಒಂದು ಕರಡಿ ಬಂದು ಕುಕ್ಕರಿಸಿತು, ತಲೆ ತೆಗೆದು ಮಡಿಲಲ್ಲಿಟ್ಟುಕೊಂಡಿತು. ಮೂವತ್ತು ದಾಟಿದ ಹೆಂಗಸು. ಜಡೆಯನ್ನು ವೇಲಿನಲ್ಲಿ ಬಿಗಿಯಾಗಿ ಸುತ್ತಿದ್ದರು, ಹಣೆಯ ಸ್ಟಿಕ್ಕರ್ ಬೆವರಿಗೆ ಜಾರಿ ಹುಬ್ಬಿಗೆ ಅಂಟಿತ್ತು. ಮಡಿಲಲ್ಲಿದ್ದ ತಲೆಯ ಒಳಗಿನ ಸ್ಪಂಜು ಹಿಂಡಿದರೆ ನೀರು ಸುರಿಯೋ ಹಾಗಿತ್ತು. ಕರಡಿಯ ಬಾಯಿಯಲ್ಲಿ ಅಂಗೈ ಅಗಲದ ಕಪ್ಪು ಜಾಲರಿ, ಹೊರಗೆ ನೋಡೋಕೆ ಅವರಿಗೆ ಇದ್ದಿದ್ದು ಅಷ್ಟೇ ಕಿಂಡಿ. ಪಕ್ಕ, ಹಿಂದೆ, ಕಾಲಡಿ ಏನೂ ಕಾಣಲ್ಲ. ದಪ್ಪ ಕೈಗವಸಿನಲ್ಲಿ ಬಾಟಲಿ ಮುಚ್ಚಳ ತಿರುಗಿಸೋಕೆ ಆಗದೆ ಅಂಗಡಿಯ ಹುಡುಗನ ಕೈಗೆ ಕೊಟ್ಟರು. ಹೀಗೆ ಇರುವವರ ಹಿಂದಿನಿಂದ ಬಂದು ಗುದ್ದೋದು ಅಂದರೆ ಕಣ್ಣು ಕಟ್ಟಿದವರನ್ನು ಹೊಡೆದ ಹಾಗೆ.

"ಹುಡುಗಿ ಅಂತ ಗೊತ್ತಿರ್ಲಿಲ್ಲ" ಅನ್ನೋ ಮಾತು ನನಗೆ ಅಲ್ಲಿ ಹೊಡೆದಷ್ಟೇ ಕೆಟ್ಟದ್ದಾಗಿ ಕೇಳುತ್ತೆ. ಹುಡುಗ ಆಗಿದ್ದರೆ ಗುದ್ದಬಹುದಿತ್ತಾ? ಮೇಲಿನ ಪತ್ರ ಬರೆದ ಹುಡುಗನಿಗೂ ಬೆನ್ನಿದೆ, ಪಕ್ಕೆಲುಬಿದೆ.

ಈಗ ನೀವು ಮಾಡಬಹುದಾದ್ದು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ನಿಮಗೂ ಅನ್ವಯಿಸುತ್ತೆ. ದಿನಗೂಲಿ, ಕಂತ್ರಾಟು ಅಂತ ಭೇದ ಇಲ್ಲ. ಕೆಲಸದ ಜಾಗಕ್ಕೆ ಬರುವ ಹೊರಗಿನವರಿಂದಲೂ ನಿಮ್ಮನ್ನು ಕಾಪಾಡುವುದು ಕೆಲಸ ಕೊಟ್ಟವರ ಹೊಣೆ ಅಂತ ಅದರಲ್ಲೇ ಇದೆ. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಸಾಮಾನ್ಯವಾಗಿ ಮೂರು ತಿಂಗಳ ಒಳಗೆ ಕೊಡಬೇಕು. ನಿಮ್ಮದು ಹೋದ ತಿಂಗಳಿನದು, ಇನ್ನೂ ಸಮಯ ಇದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಫೋನ್ ಮಾಡೋಕೆ ಹಿಂಜರಿಯಬೇಡಿ.

ಮುಂದಿನ ಕಾರ್ಯಕ್ರಮಕ್ಕೆ ಒಬ್ಬ ಜೊತೆಗಾರರು ಇಲ್ಲದೆ ಹೋಗಬೇಡಿ. ದೊಡ್ಡ ಪಾರ್ಕುಗಳಲ್ಲಿ ಗೊಂಬೆಯ ಪಕ್ಕ ಮಾಮೂಲಿ ಬಟ್ಟೆಯಲ್ಲಿ ಒಬ್ಬರು ನಿಂತಿರುತ್ತಾರೆ. ಸಾಲು ನೋಡಿಕೊಳ್ಳೋದು, ಯಾರಾದರೂ ಮಿತಿ ಮೀರಿದರೆ ನಡುವೆ ಬರೋದು, ಹೊತ್ತಾದಾಗ ಒಳಗೆ ಕರೆದೊಯ್ಯೋದು ಅವರ ಕೆಲಸ. ಜೊತೆಗಾರರ ಹತ್ತಿರ ಒಂದು ಸನ್ನೆ ಗೊತ್ತು ಮಾಡಿಕೊಳ್ಳಿ, ಎರಡೂ ಕೈ ತಲೆ ಮೇಲೆ ಇಟ್ಟರೆ ತಕ್ಷಣ ಹೊರಡೋದು ಅಂತ. ಸನ್ನೆಗೆ ಹೊತ್ತಿಲ್ಲದಿದ್ದರೆ ಮತ್ತೆ ಕಿರುಚಿ.

ಒಬ್ಬರೇ ಕೇಳಿದರೆ ಯಾರೂ ಕೊಡಲ್ಲ ಅನ್ನಿಸಬಹುದು. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ವೇಷದ ಒಳಗೆ ಹಾಕುವ ಒಳಉಡುಪನ್ನೂ ಹಂಚಿಕೊಂಡು ತೊಡಬೇಕಿತ್ತು. ಅವರ ಯೂನಿಯನ್ ಹಠ ಹಿಡಿದು, 2001ರಲ್ಲಿ ಒಬ್ಬೊಬ್ಬರಿಗೂ ಅವರವರದ್ದೇ ಸಿಗುವ ಹಾಗೆ ಮಾಡಿಸಿತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ವೇಷಧಾರಿಗಳು 2024ರಲ್ಲಿ ಮತ ಹಾಕಿ ಯೂನಿಯನ್ ಸೇರಿದರು. ಚಿತ್ರದುರ್ಗ, ದಾವಣಗೆರೆಯಲ್ಲಿ ನಿಮ್ಮ ಹಾಗೆ ದುಡಿಯುವ ಐದಾರು ಜನ ಒಟ್ಟಿಗೆ ನಿಂತು ಜೊತೆಗಾರರು ಬೇಕು, ಅರ್ಧ ಗಂಟೆಗೊಮ್ಮೆ ನೀರು ಬೇಕು, ಬಟ್ಟೆ ಬದಲಿಸೋಕೆ ಬಾಗಿಲಿರೋ ಕೋಣೆ ಬೇಕು ಅಂದರೆ ಆ ಮಾತಿಗೆ ತೂಕ ಬರುತ್ತೆ. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ, 40 ಡಿಗ್ರಿ ಹತ್ತಿರ ಹೋಗುತ್ತೆ. ಇನ್ನೂ ಏನಾದರೂ ತೊಂದರೆ ಆದರೆ ನನಗೆ ಮತ್ತೆ ಬರೆಯಿರಿ, ಹೆಸರು ಹಾಕದೆಯೇ.

ನಾಲ್ಕು ವರ್ಷದ ಮೊಮ್ಮಗ "ತಾತಾ, ಛೋಟಾ ಭೀಮ್ ಒಳಗೆ ಯಾರಿದ್ದಾರೆ?" ಅಂತ ಕೇಳುತ್ತಾನೆ. ಏನು ಹೇಳಲಿ?
— ನಿವೃತ್ತ ಮೇಷ್ಟ್ರು, ಪಿ.ಜೆ. ಬಡಾವಣೆ, ದಾವಣಗೆರೆ

ಕೇಳಿದ ಅಂದರೆ ಅರ್ಧ ಗೊತ್ತಾಗಿದೆ ಮೇಷ್ಟ್ರೇ. "ನಿನಗೆ ಯಾರಿದ್ದಾರೆ ಅನ್ಸುತ್ತೆ?" ಅಂತ ವಾಪಸ್ ಕೇಳಿ. ಅಣ್ಣ ಅಂದರೂ ಹೂಂ ಅನ್ನಿ, ಅಕ್ಕ ಅಂದರೂ ಹೂಂ ಅನ್ನಿ. ಆಮೇಲೆ ಒಳಗಿರೋರಿಗೆ ತುಂಬಾ ಸೆಕೆ ಆಗಿರುತ್ತೆ ಕಣೋ ಅಂತ ಹೇಳಿ, ಒಂದು ನೀರಿನ ಬಾಟಲಿಯನ್ನು ಅವನ ಕೈಯಲ್ಲೇ ಕೊಡಿಸಿ. ಮುಚ್ಚಳ ಮೊದಲೇ ತಿರುಗಿಸಿಡಿ.