ಮುಂಬೈಯಲ್ಲಿ ಬಡ ಕುಟುಂಬದ ಫೋನ್, ಇಂಟರ್ನೆಟ್ ಖರ್ಚಿಗೆ ಸರ್ಕಾರದ ಸಹಾಯ ಸಿಗುತ್ತದೆಯೇ?

ನೇರವಾಗಿ ದುಡ್ಡಿನ ಸಹಾಯ ಇಲ್ಲ. ರೇಷನ್ ಕಾರ್ಡ್ ತೋರಿಸಿದರೂ ರೀಚಾರ್ಜ್ ಅಗ್ಗವಾಗುವುದಿಲ್ಲ. ಉಚಿತ ರೀಚಾರ್ಜ್ ಅಂತ ವಾಟ್ಸಾಪ್‌ನಲ್ಲಿ ಬರುವ ಲಿಂಕ್ ಮುಟ್ಟಲೇಬೇಡಿ.

ಆದರೆ ಖರ್ಚು ಇಳಿಸಬಹುದು. ಮನೆಯಲ್ಲಿ ಅಮ್ಮನ ಹತ್ತಿರ ಇರುವುದು ಕೀಪ್ಯಾಡ್ ಫೋನ್ ಅಲ್ವಾ, ಸುಮ್ನೆ ಡೇಟಾಗೆ ಯಾಕೆ ದುಡ್ಡು? 2024ರ ಡಿಸೆಂಬರ್‌ನಲ್ಲಿ ಟ್ರಾಯ್ (ಫೋನ್ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ) ನಿಯಮ ಬದಲಿಸಿ, ಬರೀ ಕರೆ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕನ್ನೂ ಕಂಪನಿಗಳು ಕೊಡಲೇಬೇಕು ಅಂದಿದೆ, ಅದರ ವ್ಯಾಲಿಡಿಟಿ 365 ದಿನದವರೆಗೂ ಇರಬಹುದು. ಮಾಟುಂಗಾದ ರೀಚಾರ್ಜ್ ಅಂಗಡಿಯವನು ತಾನಾಗಿ ಹೇಳುವುದಿಲ್ಲ, ಕೇಳಿ ಹಾಕಿಸಿಕೊಳ್ಳಿ.

ಇನ್ನು ರೈಲ್ವೆ ಸ್ಟೇಷನ್ ವೈಫೈ. ದಿನಕ್ಕೆ ಮೊದಲ 30 ನಿಮಿಷ ಉಚಿತ. 2016ರಲ್ಲಿ ಅದು ಶುರುವಾಗಿದ್ದೇ ನಮ್ಮ ಮುಂಬೈ ಸೆಂಟ್ರಲ್‌ನಲ್ಲಿ.