ಗಾಡಿ ಮಾತು: ಜೆನೆಸಿಸ್‌ಗೆ ಹೋಗಲೇ, ಬಿಎಂಡಬ್ಲ್ಯುನಲ್ಲೇ ಉಳಿಯಲೇ?

ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೇನೆ. ಬಿಎಂಡಬ್ಲ್ಯು 330ಐ ಲೀಸ್ ಮುಗಿಯುತ್ತ ಬಂತು. ಜೆನೆಸಿಸ್ ಜಿ70 ಮೇಲೆ ಮನಸ್ಸಾಗಿದೆ. ಗೆಳೆಯರು ಮಾತ್ರ ‘ಹ್ಯುಂಡೈ ಕಾರಿಗೆ ಅಷ್ಟು ದುಡ್ಡು ಯಾಕೆ’ ಅನ್ನುತ್ತಾರೆ. ಮನೆಯಲ್ಲಿ ನಾವಿಬ್ಬರು, ಆರು ವರ್ಷದ ಮಗಳು. ಬೇಸಿಗೆಯಲ್ಲಿ ದಾವಣಗೆರೆಯಿಂದ ಅಪ್ಪ-ಅಮ್ಮ ಬರುತ್ತಾರೆ. ಯಾವುದು ಒಳ್ಳೆಯದು?

ಉತ್ತರ: ಗೆಳೆಯರ ಮಾತು ಬಿಡಿ. ಹ್ಯುಂಡೈ 2015ರಲ್ಲಿ ಜೆನೆಸಿಸನ್ನು ಪ್ರತ್ಯೇಕ ಬ್ರ್ಯಾಂಡ್ ಮಾಡಿತು. ಬಿಎಂಡಬ್ಲ್ಯುವಿನ ವೇಗದ ‘ಎಂ’ ಕಾರುಗಳ ಎಂಜಿನಿಯರಿಂಗ್ ನೋಡಿಕೊಳ್ಳುತ್ತಿದ್ದ ಆಲ್ಬರ್ಟ್ ಬಿಯರ್ಮನ್ ಹ್ಯುಂಡೈ ಸೇರಿದ್ದೂ ಅದೇ ವರ್ಷ. 2017ರಲ್ಲಿ ಬಂದ ಜಿ70ರ ಸ್ಟೀರಿಂಗ್ ಹಿಡಿದು ಒಂದು ತಿರುವು ದಾಟಿದರೆ ಸಾಕು, ಅವರ ಕೈವಾಡ ಗೊತ್ತಾಗುತ್ತದೆ. 2019ರ ‘ಉತ್ತರ ಅಮೆರಿಕದ ವರ್ಷದ ಕಾರು’ ಪ್ರಶಸ್ತಿ ಅದಕ್ಕೆ ಸುಮ್ಮನೆ ಸಿಕ್ಕಿದ್ದಲ್ಲ.

ನನಗೆ ಇಷ್ಟವಾದದ್ದು ಜಿ70ರ 3.3 ಲೀಟರ್ ಟ್ವಿನ್ ಟರ್ಬೊ ವಿ6 ಎಂಜಿನ್. 365 ಎಚ್‌ಪಿ, 510 ಎನ್‌ಎಂ. ಆ 510ರ ಟಾರ್ಕ್, ಅಂದರೆ ತಿರುಗಿಸುವ ಬಲ, ಪೂರ್ತಿ ಎಂಜಿನ್ ಇನ್ನೂ ನಿಧಾನ ತಿರುಗುವಾಗಲೇ, 1,300 ಆರ್‌ಪಿಎಂನಲ್ಲೇ ಸಿಗುತ್ತದೆ. ರ‍್ಯಾಂಪ್‌ನಿಂದ ಹೈವೇಗೆ ಸೇರುವಾಗ ನಿಮ್ಮ 255 ಎಚ್‌ಪಿಯ 330ಐ ಇದರ ಸಮಕ್ಕೆ ಬಾರದು. ಬಿಎಂಡಬ್ಲ್ಯುವಿನದೇ ಹೆಚ್ಚು ಶಕ್ತಿಯ ಎಂ340ಐ ಬರುತ್ತದೆ, ಅದರ ಸ್ಟ್ರೈಟ್ ಸಿಕ್ಸ್ (ಆರು ಸಿಲಿಂಡರ್ ಒಂದೇ ಸಾಲಿನಲ್ಲಿರುವ ಎಂಜಿನ್) ಇನ್ನೂ ನಯ, ಬೆಲೆಯೂ ಹೆಚ್ಚು. ಪೆಟ್ರೋಲ್ ಉಳಿತಾಯದಲ್ಲಿ 330ಐಯದೇ ಮೇಲುಗೈ. ಮರ್ಸಿಡಿಸ್ ಸಿ300ರ ಒಳಾಂಗಣ ಬಹಳ ಚೆಂದ, ಆದರೆ ಓಡಿಸುವ ಖುಷಿಗೆ ನಾನು ಅದನ್ನು ಆರಿಸುವುದಿಲ್ಲ.

ಜಿ70 ಸೋಲುವುದು ಮುಂದಿನ ಸೀಟಿನ ಹಿಂದೆ. ಡಿಕ್ಕಿ 300 ಲೀಟರಿಗೂ ಕಡಿಮೆ, 330ಐಯದು 480. ಊರಿಂದ ಬರುವ ಹಿರಿಯರಿಬ್ಬರ ನಾಲ್ಕು ದೊಡ್ಡ ಸೂಟ್‌ಕೇಸ್ ಜಿ70ರಲ್ಲಿ ಹಿಡಿಯುವ ಮಾತೇ ಇಲ್ಲ. ನಿಮ್ಮ ಕಾರಿನಲ್ಲೂ ಒಂದೆರಡು ಹೊರಗುಳಿದಾವು. ಶೋರೂಮಿಗೆ ಹೋಗುವಾಗ ಮಗಳ ಬೂಸ್ಟರ್ ಸೀಟನ್ನು ತಪ್ಪದೆ ಒಯ್ಯಿರಿ. ಡ್ರೈವರ್ ಸೀಟನ್ನು ನಿಮ್ಮ ಅಳತೆಗೆ ಹೊಂದಿಸಿಕೊಂಡು, ಅದರ ಹಿಂದೆ ಕೂತು ಮೊಣಕಾಲಿಗೆ ಎಷ್ಟು ಜಾಗ ಉಳಿಯಿತು ನೋಡಿ. ಅಪ್ಪ ಮೂರು ತಿಂಗಳು ಕೂರಬೇಕಾದ ಜಾಗ ಅದು.

ಇನ್ನೊಂದು ಮುಖ್ಯ ವಿಷಯ. ಜೆನೆಸಿಸ್ ಅಮೆರಿಕದಲ್ಲಿ ಎಂಜಿನ್-ಗೇರ್‌ಬಾಕ್ಸಿಗೆ 10 ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ ಕೊಡುತ್ತದೆ, ಬಿಎಂಡಬ್ಲ್ಯು 4 ವರ್ಷ ಅಥವಾ 50 ಸಾವಿರ ಮೈಲಿ. ಆದರೆ ಮೂರು ವರ್ಷಕ್ಕೆ ಕಾರು ಹಿಂದಿರುಗಿಸುವವರಿಗೆ ಆ ಹತ್ತು ವರ್ಷದಿಂದ ಏನು ಬಂತು? ಮತ್ತೆ ಲೀಸ್ ಮಾಡುವುದಾದರೆ 330ಐ ಬಿಡಬೇಡಿ. ಕೊಂಡು ಬಹುಕಾಲ ಇಟ್ಟುಕೊಳ್ಳುವ ಯೋಚನೆಯಿದ್ದು, ಹಿರಿಯರಿಗೆಂದು ಮನೆಯಲ್ಲಿ ಇನ್ನೊಂದು ದೊಡ್ಡ ಗಾಡಿ ಇದ್ದರೆ, ವಿ6 ಇರುವ ಜಿ70 ತಗೊಳ್ಳಿ. ಎರಡನೇ ಯೋಚನೆ ಬೇಡ.

ಪ್ರಶ್ನೆ: ಜಿ70 ಮ್ಯಾನುಯಲ್ ಗೇರ್‌ನಲ್ಲಿ ಸಿಗುತ್ತದೆಯೇ? (ಸ್ಯಾನ್ ಹೋಸೆಯಿಂದ)

ಉತ್ತರ: ಹೊಸದು ಇಲ್ಲ. 2019ರಿಂದ 2021ರವರೆಗಿನ ಮಾಡೆಲ್‌ಗಳಲ್ಲಿ 2.0 ಲೀಟರ್ ಎಂಜಿನ್‌ಗೆ 6 ಸ್ಪೀಡ್ ಮ್ಯಾನುಯಲ್ ಇತ್ತು, 2022ರಲ್ಲಿ ತೆಗೆದುಬಿಟ್ಟರು. ಸೆಕೆಂಡ್ ಹ್ಯಾಂಡ್ ಹುಡುಕಬೇಕು. ಸಿಕ್ಕರೆ ಕ್ಲಚ್ ಸವೆದಿದೆಯೇ ಎಂದು ಮೆಕ್ಯಾನಿಕ್ ಕೈಲಿ ನೋಡಿಸಿ. ಹತ್ತು ವರ್ಷದ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ, ಆದ್ದರಿಂದ ನಿಮಗೆ ಎಷ್ಟು ಉಳಿದಿದೆ ಎಂಬುದನ್ನು ಡೀಲರ್ ಬಳಿ ಬರವಣಿಗೆಯಲ್ಲೇ ಪಡೆಯಿರಿ.